ಕಾಕ್‌ಪಿಟ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಮಾಪಕ: ಕೆಲವು ಮಳೆಗಾಲಗಳ ಬಳಕೆಯ ನಂತರ

ಸಣ್ಣ ಪಿಸ್ಟನ್ ಎಂಜಿನ್ ವಿಮಾನ ಹಾರಿಸುವವರು ಟ್ಯಾಬ್ಲೆಟ್‌ಗೆ, ಹೊಸ ಹೆಡ್‌ಸೆಟ್‌ಗೆ ಹಣ ಹಾಕುವ ಮೊದಲು ಎಂಜಿನ್ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಎಷ್ಟಿದೆ ಎಂದು ಅಂಕಿಯಲ್ಲಿ ತೋರಿಸುವ ಮಾಪಕವೊಂದನ್ನು ಕೊಳ್ಳಬೇಕು. ಶಿವಮೊಗ್ಗದ ನಾವು ಕೆಲವು ಗೆಳೆಯರು ಸೇರಿ ಇಟ್ಟುಕೊಂಡಿರುವ, ರೋಟಾಕ್ಸ್ 912 ಎಂಜಿನ್‌ನ ಎರಡು ಸೀಟಿನ ವಿಮಾನದಲ್ಲಿ ಇದು ಈಗ ಕೆಲವು ವರ್ಷಗಳಿಂದ ಇದೆ. ಈ ಬಗೆಯ ಮಾಪಕವನ್ನು ಹಲವು ಕಂಪನಿಗಳು ಮಾಡುತ್ತವೆ. ನಾನು ಬರೆಯುತ್ತಿರುವುದು ಆ ಬಗೆಯ ಬಗ್ಗೆ.

ಅಂಕಿಯೇ ಏಕೆ ಬೇಕು? ಬಣ್ಣ ಬದಲಿಸುವ ಅಗ್ಗದ ಕಾರ್ಡ್ ಕೆಲವೇ ತಿಂಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ. ಅದು ಕಪ್ಪಾಗಿರುವುದನ್ನು ಪೈಲಟ್ ಗಮನಿಸಲೂ ಬೇಕು. ಅಮೆರಿಕದ ಮಾನದಂಡದಂತೆ ತಯಾರಾದ ಮನೆಬಳಕೆಯ ಅಲಾರಂ, ಗಾಳಿಯಲ್ಲಿ 70 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 70 ಭಾಗ) ಇದ್ದಾಗ ಒಂದರಿಂದ ನಾಲ್ಕು ಗಂಟೆಯ ನಡುವೆ ಕೂಗಿದರೆ ಸಾಕು. ಅದೇ ದೇಶ ವಿಮಾನದ ಕ್ಯಾಬಿನ್‌ಗೆ ಇಟ್ಟಿದ್ದ ಮಿತಿ 50 ಪಿಪಿಎಂ. ಬಣ್ಣ, ವಾಸನೆ ಇಲ್ಲದ ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. 2019ರ ಜನವರಿಯಲ್ಲಿ ಇಂಗ್ಲಿಷ್ ಕಡಲ್ಗಾಲುವೆಗೆ ಬಿದ್ದ ಪೈಪರ್ ಮಾಲಿಬು ವಿಮಾನದಲ್ಲಿದ್ದ ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ಅವರ ರಕ್ತದಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್, ಅಂದರೆ ಈ ಅನಿಲ ಅಂಟಿಕೊಂಡ ಹಿಮೋಗ್ಲೋಬಿನ್, ಪ್ರಮಾಣ 58% ಇತ್ತು. ಆ ಅಪಘಾತದ ತನಿಖಾ ವರದಿ ಓದಿದ ಮೇಲೆಯೇ ನಾವು ಇದನ್ನು ತರಿಸಿದ್ದು.

ನೆಲದ ಮೇಲೆ ಬಾಲದ ಕಡೆಯಿಂದ ಗಾಳಿ ಬೀಸುವಾಗ ನಮ್ಮದೇ ಹೊಗೆ ಒಳಬಂದು ಅಂಕಿ ಏರುವುದು ಸಹಜ. ಹಾರಿದ ಮೇಲೆ ಅದು ಸೊನ್ನೆಗೆ ಇಳಿಯಬೇಕು. ಒಂದು ಮಳೆಗಾಲ ಕಳೆದು ಮತ್ತೆ ಹಾರಾಟ ಶುರುವಾದಾಗ ಇಳಿಯಲಿಲ್ಲ. ಗಾಜನೂರು ದಾಟಿ ತೀರ್ಥಹಳ್ಳಿಯ ಕಡೆಗೆ ಏರುವಾಗ ಹತ್ತಿಪ್ಪತ್ತರ ಆಸುಪಾಸಿನಲ್ಲಿ ನಿಂತಿತು. ಸಮಮಟ್ಟದಲ್ಲಿ ಹಾರುವಾಗ ಕುಗ್ಗಿತು, ಕೊಡಚಾದ್ರಿಯತ್ತ ಮೂತಿ ಎತ್ತಿದೊಡನೆ ಮತ್ತೆ ಏರಿತು. ಅಲಾರಂ ಕೂಗುವ ಮಟ್ಟ ಅದಲ್ಲ, ತಲೆನೋವೂ ಇರಲಿಲ್ಲ. ಆದರೆ ಎಂಜಿನ್‌ಗೆ ಹೊರೆ ಬಿದ್ದಾಗಲೆಲ್ಲ ಏರುತ್ತಿದ್ದ ಅಂಕಿಯನ್ನು ಕಡೆಗಣಿಸುವಂತಿರಲಿಲ್ಲ. ಗಾಳಿಯ ಕಿಂಡಿ ಪೂರ್ತಿ ತೆರೆದು ಹಿಂದಿರುಗಿದೆವು.

ಮೆಕ್ಯಾನಿಕ್ ಎಂಜಿನ್ ಕವಚ ಬಿಚ್ಚಿದಾಗ, ಎಕ್ಸಾಸ್ಟ್ ಪೈಪ್ ಸೈಲೆನ್ಸರ್‌ಗೆ ಕೂಡುವ ಗುಂಡು ಸಂದಿನ ಸುತ್ತ ಮಸಿಯ ಗೆರೆ ಕಂಡಿತು. ಈ ಸಂದುಗಳನ್ನು ಬಿಗಿಹಿಡಿಯುವುದು ಸ್ಪ್ರಿಂಗ್‌ಗಳು. “ಒಂದು ಸ್ಪ್ರಿಂಗ್ ತುಂಡಾಗಿದೆ ಸರ್, ಸೇಫ್ಟಿ ವೈರ್ ಹಿಡಿದುಕೊಂಡಿದ್ದರಿಂದ ಬೀಳಲಿಲ್ಲ, ಕಣ್ಣಿಗೂ ಬೀಳಲಿಲ್ಲ” ಎಂದರು. ಅಷ್ಟೇ ಆಗಿದ್ದರೆ ಹೊಗೆ ಹೊರಗೇ ಹೋಗಬೇಕಿತ್ತು. ಥ್ರಾಟಲ್ ಕೇಬಲ್, ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆಯಾದ ಫೈರ್‌ವಾಲ್ ದಾಟುವ ತೂತಿನ ರಬ್ಬರ್ ಗಟ್ಟಿಯಾಗಿ ಸೀಳಿತ್ತು, ಹೊಗೆ ಒಳಬಂದ ದಾರಿ ಅದು. ಸ್ಪ್ರಿಂಗ್‌ಗಳನ್ನು ಜೋಡಿಯಾಗಿಯೇ ಬದಲಿಸಿ, ಸಂದಿಗೆ ಶಾಖ ತಡೆಯುವ ಪೇಸ್ಟ್ ಹಚ್ಚಿ, ತೂತನ್ನು ಮುಚ್ಚಿಸಿದೆವು. ಅದಾದ ಮೇಲೆ ಏರುವಾಗಲೂ ಸೊನ್ನೆ. ಸೋರುವ ಅನಿಲದ ಬಿಸಿ ಸುಮಾರು 800 ಡಿಗ್ರಿ ಸೆಲ್ಸಿಯಸ್. ಪಕ್ಕದಲ್ಲಿ ಪೆಟ್ರೋಲ್ ಹೋಸ್ ಇರುವ ಜಾಗವದು ಎಂಬುದು ನನಗೆ ವಿಷಕ್ಕಿಂತ ಕಡಿಮೆ ಭಯದ ವಿಷಯವಲ್ಲ.

ಸೋರುವ ಜಾಗ ಹುಡುಕುವುದು ಮಾಪಕದ ಕೆಲಸವಲ್ಲ. ಎಂಜಿನ್ ತಣ್ಣಗಿರುವಾಗ ಹೊಗೆ ಹೊರಬೀಳುವ ಎಕ್ಸಾಸ್ಟ್ ಪೈಪ್‌ನ ಬಾಯಿಗೆ ವ್ಯಾಕ್ಯೂಮ್ ಕ್ಲೀನರ್‌ನ ಊದುವ ತುದಿ ಹಚ್ಚಿ, ಸಂದುಗಳಿಗೆಲ್ಲ ಸೋಪಿನ ನೀರು ಬಳಿಯಬೇಕು. ಗುಂಡು ಸಂದಿನಲ್ಲಿ ಅಲ್ಪಸ್ವಲ್ಪ ಗುಳ್ಳೆ ಬಂದರೆ ಗಾಬರಿ ಬೇಡ. ಬೆಸುಗೆಯಲ್ಲೋ ಪೈಪ್‌ನ ಮೈಯಲ್ಲೋ ಬಂದರೆ ಹಾರಾಟ ಬೇಡ. ಗುರುತು ಹಾಕಲು ಪೆನ್ಸಿಲ್ ಮುಟ್ಟಬೇಡಿ: ಅದರ ಇಂಗಾಲ ಬಿಸಿಯಲ್ಲಿ ಉಕ್ಕಿನೊಳಗೆ ಸೇರಿ ಅಲ್ಲೇ ಬಿರುಕಿಗೆ ದಾರಿ ಮಾಡುತ್ತದೆ.

ಕೊರತೆಗಳಿವೆ. ಹೆಡ್‌ಸೆಟ್ ಹಾಕಿಕೊಂಡರೆ ಅಲಾರಂ ಕೇಳಿಸುವುದಿಲ್ಲ. ಆದ್ದರಿಂದ ವೇಗಮಾಪಕದ ಪಕ್ಕದಲ್ಲೇ, ಕಣ್ಣು ಹೋಗುವಲ್ಲಿ ಅಂಟಿಸಿದ್ದೇವೆ. ಶೆಡ್‌ನಲ್ಲಿ ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೊಮ್ಮುವ ಹೈಡ್ರೋಜನ್‌ಗೂ, ಸ್ಯಾನಿಟೈಸರ್‌ನ ಆವಿಗೂ ಅಂಕಿ ಏರುತ್ತದೆ. ಸೆನ್ಸರ್‌ಗೆ ಆಯುಷ್ಯವಿದೆ, ಅದು ಪೆಟ್ಟಿಗೆಯಲ್ಲಿ ಕುಳಿತಿದ್ದಾಗಲೂ ಸವೆಯುತ್ತದೆ. ಕೊಳ್ಳುವಾಗ ಬೆಲೆಗಿಂತ ಮೊದಲು ತಯಾರಿಕೆಯ ದಿನಾಂಕ ಕೇಳಿ. ಹಳೆಯ ದಾಸ್ತಾನಾದರೆ ಎಷ್ಟು ರಿಯಾಯಿತಿ ಕೊಟ್ಟರೂ ಬೇಡ.