ಅಲುಗದ ಅಲಗು: ಪೀಣ್ಯದಲ್ಲಿ ಮಾಡಿಸಿದ ಮಡಚುವ ಚಾಕುವಿನ ವಿಮರ್ಶೆ

ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ಶೆಡ್ಡೊಂದರಲ್ಲಿ ಹಗಲೆಲ್ಲ ಲೇತ್ ಕೆಲಸ ಮಾಡಿ, ಸಂಜೆಯ ಹೊತ್ತು ಚಾಕು ತಯಾರಿಸುವ ಕುಶಲಕರ್ಮಿಯೊಬ್ಬರಿಂದ ನಾನು ಮಡಚುವ ಚಾಕು ಮಾಡಿಸಿಕೊಂಡು ಐದು ತಿಂಗಳಾಯಿತು. ಹತ್ತು ವಾರ ಕಾದು, ಒಂಬತ್ತೂವರೆ ಸಾವಿರ ರೂಪಾಯಿ ಕೊಟ್ಟು ಪಡೆದ ಈ ಚಾಕುವನ್ನು ಹಣ್ಣು ಹೆಚ್ಚುವುದಕ್ಕೂ ತಾರಸಿ ತೋಟದಲ್ಲಿ ಬಳ್ಳಿ ಕಟ್ಟುವ ಹುರಿ ಕತ್ತರಿಸುವುದಕ್ಕೂ ದಿನವೂ ಬಳಸುತ್ತಿದ್ದೇನೆ.

ಅಲಗು 75 ಮಿಲಿಮೀಟರ್ ಉದ್ದವಿದ್ದು, ಬೇರಿಂಗುಗಳಿಗೆ ಬಳಸುವ 52100 ಉಕ್ಕಿನಿಂದ ಮಾಡಿದ್ದಾಗಿದೆ. ಇದರಲ್ಲಿ ಇಂಗಾಲ ಸುಮಾರು ಶೇಕಡಾ 1ರಷ್ಟು ಇರುವುದರಿಂದ ಬಾಯಿ ಬಹಳ ದಿನ ಹರಿತವಾಗಿ ನಿಲ್ಲುತ್ತದೆ. ಆದರೆ ಕ್ರೋಮಿಯಂ ಸುಮಾರು ಶೇಕಡಾ 1.5ರಷ್ಟು ಮಾತ್ರ ಇರುವುದರಿಂದ ಮಾವಿನಕಾಯಿ ಹೆಚ್ಚಿ ಒರೆಸದೆ ಇಟ್ಟರೆ ಬೂದು ಕಲೆ ಹಿಡಿಯುತ್ತದೆ. ಹಿಡಿ ಬೀಟೆ ಮರದ್ದು, ಹಿಡಿಯ ಒಳಬದಿಗೆ ಕೂರಿಸುವ ತೆಳು ಲೋಹದ ಪಟ್ಟಿಗಳು, ಅಂದರೆ ಲೈನರುಗಳು, ಟೈಟಾನಿಯಂನವು.

ಮಡಚುವ ಚಾಕುವಿನ ಕೆಲಸಗಾರಿಕೆ ಗೊತ್ತಾಗುವುದು ಅಲಗಿನ ಹೊಳಪಿನಲ್ಲಲ್ಲ, ಅಲಗು ಅಲುಗುತ್ತದೆಯೋ ಇಲ್ಲವೋ ಎಂಬುದರಲ್ಲಿ. ಸ್ಕೂಟರಿನ ಹ್ಯಾಂಡಲ್ ಸಡಿಲವಾದರೆ ನಮ್ಮ ಮೆಕ್ಯಾನಿಕ್‌ಗಳು 'ಪ್ಲೇ ಬಂದಿದೆ' ಎನ್ನುತ್ತಾರಲ್ಲ, ಚಾಕುವಿನವರ ಮಾತೂ ಅದೇ. ಎಡಬಲಕ್ಕೆ ಅಲುಗುವುದು ಒಂದು ಬಗೆ, ಮೇಲೆ ಕೆಳಗೆ ಅಲುಗುವುದು ಇನ್ನೊಂದು ಬಗೆ; ಎರಡರ ಕಾರಣಗಳೂ ಬೇರೆ ಬೇರೆ.

ಎಡಬಲದ ಪ್ಲೇ ಹುಟ್ಟುವುದು ಅಲಗು ತಿರುಗುವ ಪಿವೋಟಿನಲ್ಲಿ. ಅಲಗಿನ ಎರಡು ಬದಿಗೂ ಕೂರಿಸುವ ಕಂಚಿನ ವಾಷರಿನ ವ್ಯಾಸ 10 ಮಿಲಿಮೀಟರ್ ಎಂದಿಟ್ಟುಕೊಂಡರೆ, ಅಲ್ಲಿ ಉಳಿದ 0.03 ಮಿಲಿಮೀಟರ್ ಸಂದು 80 ಮಿಲಿಮೀಟರ್ ಆಚೆಯಿರುವ ಮೊನೆಯಲ್ಲಿ ಸುಮಾರು ಕಾಲು ಮಿಲಿಮೀಟರ್ ಓಲಾಟವಾಗುತ್ತದೆ, ಅದು ಬೆರಳಿಗೆ ಚೆನ್ನಾಗಿಯೇ ತಿಳಿಯುತ್ತದೆ. ಸ್ಕ್ರೂ ಬಿಗಿ ಮಾಡಿ ಈ ದೋಷವನ್ನು ಮರೆಸುವುದು ಸುಲಭ, ಆದರೆ ಹಾಗೆ ಮಾಡಿದ ಚಾಕುವನ್ನು ತೆರೆಯಲು ಹೆಬ್ಬೆರಳು ನೋಯಬೇಕಾಗುತ್ತದೆ. ನನ್ನ ಚಾಕುವಿನಲ್ಲಿ, ತೆರೆದ ಅಲಗು ಮಡಚದಂತೆ ಹಿಡಿಯುವ ಲಾಕ್ ಬಿಡಿಸಿ, ಬೆರಳು ದೂರವಿಟ್ಟು ಹಿಡಿದರೆ ಅಲಗು ತನ್ನ ತೂಕಕ್ಕೇ ಮಡಚಿಕೊಳ್ಳುತ್ತದೆ. ಆದರೂ ಮೊನೆ ಹಿಡಿದು ಒತ್ತಿದಾಗ ಕೂದಲೆಳೆಯಷ್ಟೂ ಅತ್ತಿತ್ತ ಸರಿಯುವುದಿಲ್ಲ. ಎರಡು ಲೈನರುಗಳನ್ನೂ ಒಟ್ಟಿಗೆ ಕ್ಲಾಂಪ್ ಮಾಡಿ ಒಂದೇ ಸಲಕ್ಕೆ ರಂಧ್ರ ಕೊರೆದು, ಕೊನೆಯ ಅಳತೆಯನ್ನು ಕೈಯಲ್ಲಿ ರೀಮರ್ (ರಂಧ್ರವನ್ನು ನಯವಾಗಿ ಹಿಗ್ಗಿಸುವ ಉಪಕರಣ) ಹಿಡಿದು ತಂದದ್ದನ್ನು ನಾನೇ ನಿಂತು ನೋಡಿದ್ದೇನೆ.

ತೊಂದರೆ ಕಂಡದ್ದು ಎರಡನೆಯ ಬಗೆಯಲ್ಲಿ. ಮೂರನೆಯ ವಾರದ ಹೊತ್ತಿಗೆ, ತೆರೆದ ಅಲಗಿನ ಬೆನ್ನನ್ನು ಒತ್ತಿದಾಗಲೆಲ್ಲ 'ಟಿಕ್' ಎಂಬ ಸಣ್ಣ ಸದ್ದು ಬರತೊಡಗಿತು. ಇದು ಲಾಕ್‌ನ ದೋಷ, ಸ್ಕ್ರೂ ಎಷ್ಟು ತಿರುಗಿಸಿದರೂ ಹೋಗುವಂಥದ್ದಲ್ಲ. ಅಮೆರಿಕದ ಮೈಕಲ್ ವಾಕರ್ 1980ರ ದಶಕದ ಆರಂಭದಲ್ಲಿ ಈಗಿನ ರೂಪಕ್ಕೆ ತಂದ ಲೈನರ್ ಲಾಕ್‌ನಲ್ಲಿ, ಬಾಗಿಸಿದ ಲೈನರಿನ ತುದಿ ಸ್ಪ್ರಿಂಗಿನಂತೆ ಸರಿದು ಅಲಗಿನ ಬುಡದ ಹಿಂದೆ ಬೆಣೆಯಂತೆ ಕೂರುತ್ತದೆ. ಆ ಬುಡವನ್ನು ಏಳೆಂಟು ಡಿಗ್ರಿ ಓರೆಯಾಗಿ ಸಾಣೆ ಹಿಡಿದಿರುವುದರಿಂದ ಲೋಹ ಸವೆದಂತೆಲ್ಲ ಲೈನರ್ ಇನ್ನಷ್ಟು ಒಳಗೆ ಸರಿದು ಸಂದನ್ನು ತಾನೇ ತುಂಬಿಕೊಳ್ಳುತ್ತದೆ.

ಚಾಕುವನ್ನು ವಾಪಸ್ ಕೊಂಡೊಯ್ದಾಗ ಅವರು ವಾದಕ್ಕಿಳಿಯಲಿಲ್ಲ. ಅಲಗಿನ ಬುಡಕ್ಕೆ ಮಾರ್ಕರ್ ಪೆನ್ನಿನ ಮಸಿ ಬಳಿದು, ನಾಲ್ಕೈದು ಸಲ ತೆರೆದು ಮುಚ್ಚಿ, ಮಸಿ ಎಲ್ಲಿ ಅಳಿಸಿದೆ ಎಂದು ದೀಪದಡಿ ತೋರಿಸಿದರು. ಪಿವೋಟಿಗೆ ಹತ್ತಿರದ ಮೂಲೆಯಲ್ಲಿ ಸಾಸಿವೆಯಷ್ಟು ಜಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. "ಇದು ನನ್ನದೇ ತಪ್ಪು ಸಾರ್, ಲೈನರ್ ಮೇಲ್ಗಡೆ ಮಾತ್ರ ತಾಗ್ತಿದೆ, ಕೆಳಗಡೆ ತಾಗಬೇಕಿತ್ತು" ಎಂದರು. ಪಿವೋಟಿನಿಂದ ದೂರದ ಅಂಚಿನಲ್ಲಿ ಆನಿಕೆ ಸಿಕ್ಕಿದರೆ ಮಾತ್ರ ಅಲಗು ಕದಲದೆ ನಿಲ್ಲುತ್ತದೆ. ಇದ್ದ ಲೈನರನ್ನೇ ಉಜ್ಜಿ ಸರಿಪಡಿಸಬಹುದಿತ್ತು, ಆದರೆ ಹಾಗೆ ಉಜ್ಜಿದರೆ ಅದು ಈಗಲೇ ಅರ್ಧ ದೂರ ಸರಿದು, ಮುಂದಿನ ಸವೆತಕ್ಕೆ ಉಳಿಯುವ ಜಾಗ ಕಡಿಮೆಯಾಗುತ್ತದೆ ಎಂದು ಹೇಳಿ, ಹನ್ನೊಂದು ದಿನಗಳಲ್ಲಿ ಹೊಸ ಲೈನರನ್ನೇ ಕತ್ತರಿಸಿ ಕೂರಿಸಿಕೊಟ್ಟರು. ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಆ ಮಸಿಯ ಪರೀಕ್ಷೆಯನ್ನು ಚಾಕು ಕೊಡುವ ಮೊದಲೇ ಮಾಡಬೇಕಿತ್ತು ಎಂಬ ನನ್ನ ಆಕ್ಷೇಪ ಹಾಗೆಯೇ ಉಳಿದಿದೆ, ಅವರಿಗೂ ಅದನ್ನು ಹೇಳಿದ್ದೇನೆ. ಆದರೆ ಸುಲಭದ ದಾರಿ ಕೈಯಲ್ಲೇ ಇದ್ದಾಗಲೂ ಸರಿಯಾದ ದಾರಿ ಹಿಡಿದವರ ಮೇಲೆ ನನಗೆ ಗೌರವ ಹೆಚ್ಚಾಯಿತು. ಲೈನರ್ ಈಗ ಅಲಗಿನ ದಪ್ಪದ ಮೂರನೆಯ ಒಂದು ಭಾಗದಲ್ಲಿ ಕೂರುತ್ತಿದೆ, ಮೂರು ತಿಂಗಳ ಬಳಕೆಯಲ್ಲಿ ಅಲ್ಲಿಂದ ಕದಲಿಲ್ಲ, ಸದ್ದೂ ಮತ್ತೆ ಕೇಳಿಬಂದಿಲ್ಲ. ವಾಷರುಗಳಿಗೆ ತಿಂಗಳಿಗೊಮ್ಮೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟರೆ ಸಾಕಾಗಿದೆ.

ಇಂಥ ಚಾಕು ಮಾಡಿಸಿಕೊಳ್ಳುವವರು ಅಲಗನ್ನು ತೆರೆದು ಮೊನೆಯನ್ನು ಎಡಬಲಕ್ಕೆ ಒತ್ತಿ, ಬೆನ್ನನ್ನು ಮೇಲಿನಿಂದ ಒತ್ತಿ, ಲಾಕ್ ಎಲ್ಲಿ ಕೂರುತ್ತಿದೆ ಎಂಬುದನ್ನು ಶೆಡ್ಡಿನಲ್ಲೇ ನೋಡಿಕೊಂಡ ಮೇಲೆಯೇ ಬಾಕಿ ಹಣ ಕೊಡುವುದು ಒಳ್ಳೆಯದು. ನಾನು ಅಣ್ಣನಿಗಾಗಿ ಇನ್ನೊಂದಕ್ಕೆ ಮುಂಗಡ ಕೊಟ್ಟು ಬಂದಿದ್ದೇನೆ, ಈ ಸಲ ಮಾರ್ಕರ್ ಪೆನ್ನನ್ನು ನಾನೇ ಕೊಂಡೊಯ್ಯುತ್ತೇನೆ.