ಕೆಸರಿಗೆಂದು ಬೈಕಿನ ಹಿಂದಿನ ಶಾಕ್ ಎತ್ತರ ಮಾಡಿಸುವ ಮೊದಲು ಇದನ್ನು ಓದಿ

ಮಳೆಗಾಲ ಹತ್ತಿರ ಬಂತು ಅಂದರೆ ನಮ್ಮ ಶಿರಸಿ, ಸಿದ್ದಾಪುರದ ಕಡೆ ಹುಡುಗರು ಬೈಕಿನ ಹಿಂದಿನ ಶಾಕ್ (ಹೊಂಡದ ಹೊಡೆತ ತಡೆಯುವ ಸ್ಪ್ರಿಂಗಿನ ಶಾಕ್ ಅಬ್ಸಾರ್ಬರ್) ಎತ್ತರ ಮಾಡಿಸಲು ಓಡಾಡುತ್ತಾರೆ. ತೋಟದ ರಸ್ತೆಯ ರಾಡಿಯಲ್ಲಿ ಇಂಜಿನ್ ಅಡಿ ತಾಗಬಾರದು, ಚಕ್ರ ಹೂತು ನಿಲ್ಲಬಾರದು ಅಂತ. ದಯವಿಟ್ಟು ಮಾಡಿಸಬೇಡಿ. ನನ್ನ ತಮ್ಮ ಮಾಡಿಸಿದ. ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟದಲ್ಲಿ ಚೈನ್ ತುಂಡಾಗಿ ಬಿದ್ದು ಹೆಗಲ ಹತ್ತಿರದ ಎಲುಬು ಮುರಿದುಕೊಂಡ. ಚೈನ್ ಯಾಕೆ ತುಂಡಾಯಿತು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಮಾಡಿಕೊಡುವವರು ಅದೊಂದನ್ನು ಮಾತ್ರ ಹೇಳುವುದಿಲ್ಲ.

ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಬರಬೇಕೆಂದರೆ ಕೆಂಪು ಮಣ್ಣಿನ ದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ರ್ಯಾಕ್ಟರ್ ಓಡಾಡಿ ಎರಡೂ ಬದಿ ಮೊಣಕಾಲುದ್ದದ ಹೊಂಡ ಬೀಳುತ್ತದೆ. ನಡುವಿನ ದಿಬ್ಬಕ್ಕೆ ಇಂಜಿನ್ ಗಾರ್ಡ್ ಉಜ್ಜುತ್ತದೆ. ಹಾಗಾಗಿ ತಮ್ಮನ ಆಸೆಯಲ್ಲಿ ತಪ್ಪೇನೂ ಇರಲಿಲ್ಲ. ಅವನದು ಒಂದೇ ಶಾಕ್ ಇರುವ 200 ಸಿಸಿ ಗಾಡಿ. ಗ್ಯಾರೇಜಿನವರು ಶಾಕಿನ ಬುಡಕ್ಕೆ ಲೇತ್‌ನಲ್ಲಿ ಮಾಡಿಸಿದ ಕಬ್ಬಿಣದ ತುಂಡು ಸೇರಿಸಿದರು, ಸ್ಪ್ರಿಂಗನ್ನು ಪೂರ್ತಿ ಬಿಗಿ ಮಾಡಿದರು, ಚೈನ್ ಟೈಟ್ ಮಾಡಿ ಕೈಗೆ ಕೊಟ್ಟರು. "ಏನೂ ಆಗೂದಿಲ್ಲ ಮಾರಾಯಾ, ಆರಾಮಾಗಿ ಓಡ್ಸು" ಅಂದರಂತೆ.

ಸೇರಿಸಿದ್ದು ಒಂದೇ ಇಂಚು. ಆದರೆ ಶಾಕ್ ಇರುವುದು ಸ್ವಿಂಗ್ ಆರ್ಮಿನ (ಹಿಂದಿನ ಚಕ್ರ ಹಿಡಿದುಕೊಂಡು ಮೇಲೆ ಕೆಳಗೆ ಆಡುವ ತೋಳಿನ) ನಡುಭಾಗದಲ್ಲಿ, ಚಕ್ರ ಇರುವುದು ಅದರ ತುದಿಯಲ್ಲಿ. ಶಾಕಿನಲ್ಲಿ ಒಂದು ಇಂಚು ಜಾಸ್ತಿ ಮಾಡಿದರೆ ಗಾಡಿಯ ಹಿಂಭಾಗ ಎರಡು ಇಂಚಿನಷ್ಟು ಏರಿಬಿಡುತ್ತದೆ. ಹಿಂದೆ ಒಂದು ಇಂಚು ಏರಿದರೆ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಸುಮಾರು ಒಂದು ಡಿಗ್ರಿ ನೆಟ್ಟಗಾಗುತ್ತದೆ. ಎರಡು ಇಂಚು ಏರಿದರೆ ಲೆಕ್ಕ ಹಾಕಿ. ಹ್ಯಾಂಡಲ್ ಹಗುರಾಗಿ ನಡುಗಲು ಶುರುವಾಗುತ್ತದೆ, ಇಳಿಜಾರಿನಲ್ಲಿ ಇನ್ನೂ ಜಾಸ್ತಿ. ಸೈಡ್ ಸ್ಟ್ಯಾಂಡ್ ಗಿಡ್ಡವಾಗಿ ಗಾಡಿ ವಿಪರೀತ ವಾಲುತ್ತದೆ. ರಾತ್ರಿ ಹೆಡ್‌ಲೈಟ್ ಬೆಳಕು ಚಕ್ರದ ಮುಂದೆಯೇ ಬೀಳುತ್ತದೆ. ಇವೆಲ್ಲ ನಮ್ಮ ಕಣ್ಣಿಗೂ ಬಿದ್ದಿದ್ದವು. ಇವನ್ನೆಲ್ಲ ಸರಿ ಮಾಡಿಕೊಳ್ಳಬಹುದು ಅನ್ನಿ. ಚೈನಿನ ವಿಷಯ ಹಾಗಲ್ಲ.

ಅವತ್ತು ತಮ್ಮ ಮತ್ತು ಭಾವ ಕುಮಟಾಕ್ಕೆ ಹೋಗಿ ವಾಪಸು ಬರುತ್ತಿದ್ದರು. ಘಟ್ಟದ ಏರು, ಹಿಂದೆ ಭಾವ ಕೂತಿದ್ದಾರೆ, ಕಾಲ ಬಳಿ ಒಂದು ಚೀಲ. ತಿರುವು ಮುಗಿಸಿ ಎಕ್ಸಿಲೇಟರ್ ಕೊಟ್ಟಾಗಲೇ ಹಿಂದಿನ ಚಕ್ರ ಹೊಂಡಕ್ಕೆ ಇಳಿದು ಎದ್ದಿದೆ. ಅಷ್ಟೇ. ತುಂಡಾದ ಚೈನ್ ಮುಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಗಾಲಿ) ಹತ್ತಿರ ಮುದ್ದೆಯಾಗಿ ಸಿಕ್ಕಿಕೊಂಡು ಇಂಜಿನ್ ಕೇಸಿಂಗನ್ನೇ ಒಡೆಯಿತು. ರಸ್ತೆ ತುಂಬ ಆಯಿಲ್. ಏರಿನಲ್ಲಿ ನಿಧಾನಕ್ಕೆ ಬರುತ್ತಿದ್ದದ್ದರಿಂದ ಜೀವ ಉಳಿಯಿತು. ಹಿಂದೆ ಬರುತ್ತಿದ್ದ ಮೀನಿನ ಟೆಂಪೊದವರು ನಿಲ್ಲಿಸಿ ಇಬ್ಬರನ್ನೂ ಶಿರಸಿ ಆಸ್ಪತ್ರೆಗೆ ಮುಟ್ಟಿಸಿದರು. ಅವರ ಉಪಕಾರ ನಾವು ಮರೆಯುವ ಹಾಗಿಲ್ಲ. ಇದೇ ಇಳಿಯುವಾಗ ಆಗಿದ್ದರೆ?

ಬೇರೊಬ್ಬ ಮೆಕ್ಯಾನಿಕ್ ಗಾಡಿ ಬಿಚ್ಚಿ ನನಗೆ ತೋರಿಸಿದರು. ಸ್ವಿಂಗ್ ಆರ್ಮ್ ಮೇಲೆ ಚೈನ್ ಉಜ್ಜದಿರಲಿ ಅಂತ ಒಂದು ಕಪ್ಪು ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಚೈನಿನ ಎರಡೂ ಬದಿಯ ಪ್ಲೇಟುಗಳು ಅದರಲ್ಲಿ ಎರಡು ಸಾಲು ಕೊರೆದು, ಪಟ್ಟಿ ದಾಟಿ, ಕೆಳಗಿನ ಲೋಹವನ್ನೂ ತಿಂದಿದ್ದವು. ಆ ಗೆರೆ ಹೊಸ ಪಾತ್ರೆ ಥರ ಹೊಳೆಯುತ್ತಿತ್ತು. ಹಿಂಭಾಗ ಏರಿದಾಗ ಸ್ವಿಂಗ್ ಆರ್ಮ್ ಕಡಿದಾಗಿ ಕೆಳಕ್ಕೆ ಇಳಿಯುತ್ತದೆ, ಚೈನ್ ಯಾವಾಗಲೂ ಅದಕ್ಕೆ ಒತ್ತಿಕೊಂಡೇ ಓಡುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಬಿಗಿ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ತಿರುಗುವ ಬೋಲ್ಟ್, ಹಿಂದಿನ ಆಕ್ಸಲ್ (ಚಕ್ರದ ನಡುವಿನ ಕಂಬಿ), ಈ ಮೂರೂ ಒಂದೇ ಗೆರೆಗೆ ಬಂದಾಗ ಸ್ಪ್ರಾಕೆಟ್‌ಗೂ ಆಕ್ಸಲ್‌ಗೂ ನಡುವಿನ ದೂರ ಅತಿ ಜಾಸ್ತಿ. ಆಗಲೇ ಚೈನ್ ಅತಿ ಬಿಗಿ. ಗಾಡಿ ಸುಮ್ನೆ ನಿಂತಿರುವಾಗ ಆಕ್ಸಲ್ ಆ ಗೆರೆಗಿಂತ ಕೆಳಗಿರುತ್ತದೆ. ಅದಕ್ಕೇ ಕಂಪನಿಯವರು ಚೈನಿನಲ್ಲಿ ಇಷ್ಟು ಸಡಿಲ ಇರಲಿ ಅಂತ ಮಿಲಿಮೀಟರ್ ಲೆಕ್ಕ ಕೊಟ್ಟಿರುತ್ತಾರೆ. ಆದರೆ ಆ ಲೆಕ್ಕ ಕಂಪನಿ ಕೊಟ್ಟ ಎತ್ತರಕ್ಕೆ ಮಾತ್ರ. ಎತ್ತರ ಮಾಡಿದ ಗಾಡಿಯಲ್ಲಿ ಆಕ್ಸಲ್ ಇನ್ನೂ ಕೆಳಗೆ ಹೋಗಿರುತ್ತದೆ, ಚೈನ್ ಜೋತುಬಿದ್ದ ಹಾಗೆ ಕಾಣುತ್ತದೆ. ಅದನ್ನು ನೋಡಿ ಹಳೇ ಲೆಕ್ಕಕ್ಕೆ ಎಳೆದು ಬಿಗಿ ಮಾಡುತ್ತಾರೆ. ಇಬ್ಬರು ಕೂತು ಹೊಂಡಕ್ಕೆ ಇಳಿದಾಗ ಆಕ್ಸಲ್ ಆ ಗೆರೆಗೆ ಏರುತ್ತದೆ, ಚೈನಿಗೆ ಕೊಡಲು ಸಡಿಲವೇ ಉಳಿದಿರುವುದಿಲ್ಲ. ಒಂದೋ ಗೇರ್‌ಬಾಕ್ಸಿನ ಬೇರಿಂಗ್ ಹಾಳಾಗುತ್ತದೆ, ಇಲ್ಲ ಚೈನ್ ಹೋಗುತ್ತದೆ. ನಮ್ಮದರಲ್ಲಿ ಬೇರಿಂಗೂ ಗರಗರ ಅನ್ನುತ್ತಿತ್ತು.

ಇಷ್ಟೆಲ್ಲ ಆಗಿ ಕೆಸರಿನಲ್ಲಿ ಏನಾದರೂ ಅನುಕೂಲ ಆಯಿತಾ ಅಂದರೆ ಅದೂ ಇಲ್ಲ. ಎತ್ತರ ಬೇರೆ, ಚಕ್ರ ಮೇಲೆ ಕೆಳಗೆ ಆಡುವ ಅಳತೆ ಬೇರೆ. ತುಂಡು ಸೇರಿಸಿದರೆ ಶಾಕ್ ಆಡುವ ಉದ್ದ ಬದಲಾಗುವುದಿಲ್ಲ. ಸ್ಪ್ರಿಂಗ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯೂ ಆಗುವುದಿಲ್ಲ, ಗಾಡಿ ಎತ್ತರಕ್ಕೆ ನಿಲ್ಲುತ್ತದೆ ಅಷ್ಟೇ. ನೀವು ಕೂತಾಗ ಹಿಂದಿನ ಚಕ್ರ ತನ್ನ ಒಟ್ಟು ಆಟದ ಸುಮಾರು ಮೂರನೇ ಒಂದು ಪಾಲು ಒಳಗೆ ಹೋಗಿರಬೇಕು. ಆಗ ಹೊಂಡ ಬಂದರೆ ಚಕ್ರ ಕೆಳಕ್ಕೆ ಚಾಚಿ ನೆಲ ಹಿಡಿಯುತ್ತದೆ. ಪೂರ್ತಿ ಬಿಗಿ ಮಾಡಿದ ಗಾಡಿಯಲ್ಲಿ ಚಾಚಲು ಜಾಗವೇ ಇಲ್ಲ. ಚಕ್ರ ಗಾಳಿಯಲ್ಲಿ ತಿರುಗುತ್ತದೆ, ಗಾಡಿ ಅಡ್ಡ ಜಾರುತ್ತದೆ. ಮೇಲಾಗಿ ಸೀಟು ಎತ್ತರವಾಗಿ ಕಾಲು ನೆಲಕ್ಕೆ ಸರಿಯಾಗಿ ಎಟುಕುವುದಿಲ್ಲ. ರಾಡಿಯಲ್ಲಿ ಕಾಲು ಕೊಡಲು ಆಗದಿದ್ದರೆ ಇನ್ನೇನು ಉಳಿಯಿತು?

ದುಡ್ಡಿನ ಕಥೆಯೂ ಇದೆ. ಇನ್ಶೂರೆನ್ಸ್‌ನವರು ಮೊದಲು ಫೋಟೊ ತೆಗೆದದ್ದು ಆ ಕಬ್ಬಿಣದ ತುಂಡಿನದ್ದೇ. ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಅದನ್ನೇ ಮುಂದಿಟ್ಟು ಕ್ಲೇಮ್ ಕೊಡಲಿಲ್ಲ.

ರಾಡಿಗೆ ಬೇಕಾದ್ದು ಟಯರು. ಹಿಂದಕ್ಕೊಂದು ಒಳ್ಳೆ ಬಟನ್ ಟಯರ್ (ದೊಡ್ಡ ಗುಬುಟಿನ ಟಯರ್) ಹಾಕಿ, ಮಣ್ಣಿನ ದಾರಿಯಲ್ಲಿ ಗಾಳಿ ಸ್ವಲ್ಪ ಇಳಿಸಿ, ಡಾಂಬರಿಗೆ ಬಂದಾಗ ಮತ್ತೆ ತುಂಬಿಸಿ. ಭಾರ ಜಾಸ್ತಿ ಹೊರುವುದಾದರೆ ನಿಮ್ಮ ತೂಕಕ್ಕೆ ತಕ್ಕ ಗಟ್ಟಿ ಸ್ಪ್ರಿಂಗ್ ಸಿಗುತ್ತದೆಯೇ ಕೇಳಿ. ಇಂಜಿನ್ ಅಡಿಗೆ ದಪ್ಪ ತಗಡಿನ ಗಾರ್ಡ್ ಹಾಕಿಸಿ. ತಮ್ಮನ ಗಾಡಿಗೆ ಈಗ ಇಷ್ಟೇ ಇರುವುದು, ಅದೇ ದಾರಿಯಲ್ಲಿ ಓಡುತ್ತಿದೆ.

ಈಗಾಗಲೇ ಎತ್ತರ ಮಾಡಿಸಿದ್ದರೆ ಇವತ್ತೇ ಒಂದು ಕೆಲಸ ಮಾಡಿ. ಇಬ್ಬರನ್ನು ಸೀಟಿನ ಮೇಲೆ ಕೂರಿಸಿ, ಮತ್ತೊಬ್ಬರು ಹಿಂದಿನಿಂದ ಒತ್ತಲಿ. ನೀವು ಪಕ್ಕದಲ್ಲಿ ಕೂತು ಕೋಲಿನಿಂದ ಚೈನಿನ ಕೆಳಗಿನ ಸಾಲನ್ನು ನಡುವೆ ಎತ್ತಿ ನೋಡಿ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಬೋಲ್ಟ್, ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗಲೂ ಚೈನ್ ಸ್ವಲ್ಪ ಆಡಬೇಕು. ತಂತಿ ಥರ ಬಿಗಿಯಾಗಿದ್ದರೆ ಗಾಡಿ ಹೊರಗೆ ತೆಗೆಯಬೇಡಿ. ಕಂಪನಿ ಅಳತೆಯ ಶಾಕ್ ಹಾಕಿಸಿ, ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಒಟ್ಟಿಗೇ ಬದಲಿಸಿ, ಆ ಪ್ಲಾಸ್ಟಿಕ್ ಪಟ್ಟಿಯನ್ನೂ ತೆಗೆಸಿ ನೋಡಿ.