ಸೋಲಿಗ ತಾತನ ಪಾಠ: ಪರದೆ ಮೇಲೆ, ಕ್ಲಾಸಲ್ಲಿ, ಪೋಡಿನಲ್ಲಿ

ಅರಣ್ಯ ಸಂರಕ್ಷಣೆಯ ಪಾಠ ಸುಲಭ. ಮರ ಕಡಿಯಬೇಡಿ, ಬೆಂಕಿ ಹಚ್ಚಬೇಡಿ, ಮುಗೀತು. ಆದರೆ ನನ್ನ ಕ್ಲಾಸಲ್ಲಿ ಬಿಳಿಗಿರಿರಂಗನ ಬೆಟ್ಟದ ಕಾಡಿನ ಬುಡಕಟ್ಟಿನವರಾದ ಸೋಲಿಗರ ಮಕ್ಕಳಿದ್ದಾರೆ. ಅವರ ಅಜ್ಜಂದಿರು ಬೆಂಕಿ ಹಾಕಿಯೇ ಕಾಡು ಕಾಯ್ದವರು. ಹಾಗಾಗಿ ಮೂರು ವರ್ಷ ಮೂರು ಬಗೆ ಪ್ರಯತ್ನಿಸಿದೆ.

ಮೊದಲ ವರ್ಷ ವಿಡಿಯೊ. ಸೋಲಿಗರು ಪೂಜಿಸುವ ದೊಡ್ಡಸಂಪಿಗೆ ಮರ, ಜೇನು, ಕುಣಿತ ಎಲ್ಲ ಇತ್ತು. ಮಕ್ಕಳು ಪರದೆ ಬಿಟ್ಟು ಸೋಲಿಗರ ಹುಡುಗಿಯನ್ನೇ ತಿರುಗಿ ತಿರುಗಿ ನೋಡಿದರು. ಅವಳು ತಲೆ ಎತ್ತಲಿಲ್ಲ.

ಮರುವರ್ಷ ಪೋಡಿನ, ಅಂದರೆ ಸೋಲಿಗರ ಹಾಡಿಯ, ತಾತನನ್ನೇ ಶಾಲೆಗೆ ಕರೆಸಿದೆ. ಶಾಲು, ಹಾರ, ಮೈಕು. ಐದು ನಿಮಿಷಕ್ಕೆ "ಇನ್ನೇನ್ ಹೇಳ್ಲಿ ಮೇಷ್ಟ್ರೇ?" ಅಂದರು. ಮೈಕು ಕೊಟ್ಟು ಕೂರಿಸಿದ್ದು ನನ್ನ ತಪ್ಪು. ಜೇನಿನ ಮಾತು ಬಂದಾಗ ಮಾತ್ರ ಕ್ಲಾಸು ಎದ್ದು ಕೂತಿತು. ಹೆಜ್ಜೇನು, ತುಡುವೆ, ಕಡ್ಡಿಜೇನು ಅಂತ ತಾತನಿಗಿಂತ ಮೊದಲೇ ಆ ಹುಡುಗಿ ಹೇಳಿಬಿಟ್ಟಳು.

ಮೂರನೇ ವರ್ಷ ನಾವೇ ಪೋಡಿಗೆ ಹೋದೆವು. ಹುಲಿ ಸಂರಕ್ಷಿತ ಪ್ರದೇಶ, ಕಾಡಿನೊಳಗೆ ಹೋಗಲು ಅನುಮತಿ ಬೇಕು. ಹಾಗಾಗಿ ಮನೆಗಳ ಅಂಚಲ್ಲಿ, ಕಾಫಿ ಗಿಡಗಳ ಪಕ್ಕದಲ್ಲೇ ಓಡಾಟ. ಅಲ್ಲಿ ತಾತನ ಬಾಯಿಗೆ ಬಿಡುವೇ ಇರಲಿಲ್ಲ. ನೆಲ್ಲಿ ಮರಕ್ಕೆ ಹತ್ತಿ ಅದರ ಸಾರ ಹೀರುವ ಬಂದಳಿಕೆ ತೋರಿಸಿದರು, ಅವರ ಮಾತಲ್ಲಿ ಉಪ್ಪಿಲು. ಬೇಸಿಗೆ ಬಲಿಯುವ ಮೊದಲೇ ಒಣ ತರಗಿಗೆ ಹಾಕುತ್ತಿದ್ದ ತರಗು ಬೆಂಕಿ ನೆಲದಲ್ಲೇ ಓಡಿ ಆರುತ್ತಿತ್ತಂತೆ. ಉಪ್ಪಿಲೂ ಲಂಟಾನ ಅನ್ನುವ ಕಳೆಯ ಸಸಿಯೂ ಸಾಯುತ್ತಿದ್ದವು, ಹುಲ್ಲು ಚಿಗುರುತ್ತಿತ್ತು. 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ರೂಢಿ ನಿಂತಿತು. ಲಂಟಾನ ಈಗ ಆಳೆತ್ತರ.

"ಹಂಗಾದ್ರೆ ಈಗ ಬೆಂಕಿ ಹಾಕ್ಬೋದಾ ತಾತ?" ಒಬ್ಬ ಕೇಳಿದ.

"ಈಗ ಹಾಕುದ್ರೆ ಲಂಟಾನ ಹಿಡ್ಕೊಂಡು ಮರುದ್ ತಲೆಗೇ ಹತ್ತುತ್ತೆ. ಮೊದ್ಲು ಅದ್ನ ಕೀಳ್ಬೇಕು ಮಗಾ."

ಬೆಂಕಿ ಒಳ್ಳೆಯದೋ ಕೆಟ್ಟದ್ದೋ ಅನ್ನುವುದಕ್ಕೆ ಯಾವ ಬೆಂಕಿ, ಯಾವ ತಿಂಗಳು, ನೆಲದಲ್ಲಿ ಏನಿದೆ ಅಂತ ಮೊದಲು ಕೇಳಬೇಕು. ಇಷ್ಟನ್ನು ನಾನು ಬೋರ್ಡಿನ ಮೇಲೆ ವರ್ಷಗಟ್ಟಲೆ ಬರೆದರೂ ಹೇಳಲಾಗುತ್ತಿರಲಿಲ್ಲ.

ನನ್ನ ಆಯ್ಕೆ ಪೋಡೇ. ಆದರೆ ಇಡೀ ದಿನ ಬೇಕು, 20 ಮಕ್ಕಳಿಗಿಂತ ಹೆಚ್ಚಾದರೆ ಹಿಂದಿನವರಿಗೆ ಕೇಳಿಸುವುದಿಲ್ಲ. ಬಸ್ಸಿಗೆ ದುಡ್ಡಿಲ್ಲದಿದ್ದರೆ ತಾತನನ್ನು ಶಾಲೆಗೇ ಕರೆಸಿ, ಮೈಕು ಬಿಟ್ಟು ಹೊಂಗೆ ಮರದಡಿ ಕೂರಿಸಿ, ಕೈಗೆ ನಾಲ್ಕು ಸೊಪ್ಪು ಕೊಡಿ. ವಿಡಿಯೊ ಕೊನೆಗಿರಲಿ, ನೋಡಿ ಬಂದ ಮೇಲೆ. ಇನ್ನೊಂದು, ಅವರ ಒಂದು ದಿನದ ಕೂಲಿ ಹೋಗುತ್ತದೆ. ಎರಡನೇ ವರ್ಷ ಬರೀ ಶಾಲು ಹೊದಿಸಿ ಕಳಿಸಿದ್ದೆ. ಮೂರನೇ ವರ್ಷ ಕೂಲಿ ಕೊಟ್ಟೆ, ಹಿಂದಿನದನ್ನೂ ಸೇರಿಸಿ.